ಕೊರೊನಾ ಟೈಮಲ್ಲಿ ನಿಮ್ಮ ಬೀದೀಲಿ ಯಾರ ಕೆಲ್ಸ ಹೋಯ್ತು, ಯಾರ ಸಂಬಳ ಕಮ್ಮಿ ಆಯ್ತು: ನೀವೇ ಲೆಕ್ಕ ಹಾಕೋದು ಹೇಗೆ

ಮೊದಲನೇ ಸಲ ಈ ಲೆಕ್ಕಕ್ಕೆ ಹೊರಟಾಗ ನಾನು ಮಾಡಿದ ತಪ್ಪನ್ನ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡೋ ಚಾನ್ಸ್ ಜಾಸ್ತಿ. ಪೀಣ್ಯ ಕಡೆ ನಮ್ಮ ಏರಿಯಾದಲ್ಲಿ ಒಂದು ಮನೆ ಬಾಗ್ಲಲ್ಲಿ ನಿಂತು "ಕೊರೊನಾ ಟೈಮಲ್ಲಿ ನಿಮ್ಮನೇಲಿ ಯಾರಿಗಾದ್ರೂ ಕೆಲ್ಸ ಹೋಯ್ತಾ ಅಣ್ಣ" ಅಂತ ಕೇಳ್ದೆ. ಅವ್ರು "ಇಲ್ಲಪ್ಪ, ದೇವ್ರು ದೊಡ್ಡೋನು, ಎರಡು ತಿಂಗ್ಳು ಮನೇಲಿ ಕೂತಿದ್ದೆ ಅಷ್ಟೇ, ಆಮೇಲೆ ಅದೇ ಫ್ಯಾಕ್ಟ್ರಿಗೆ ಹೋದೆ" ಅಂದ್ರು, ನಾನು ಬುಕ್ಕಲ್ಲಿ ಇಲ್ಲ ಅಂತ ಬರ್ಕೊಂಡು ಪಕ್ಕದ ಮನೆಗೆ ತಿರುಗ್ದೆ. ಅಷ್ಟ್ರಲ್ಲಿ ಅವ್ರ ಹೆಂಡ್ತಿ ಒಳಗಿಂದ ನೀರು ತಂದ್ಕೊಟ್ಟು, "ನಾನು ಗಾರ್ಮೆಂಟ್ಸ್‌ಗೆ ಹೋಗ್ತಿದ್ದೆ, ಹನ್ನೊಂದು ವರ್ಷ, ಆವಾಗ ನಿಂತಿದ್ದು ಮತ್ತೆ ಹೋಗೇ ಇಲ್ಲ" ಅಂದ್ರು. ಗಂಡ ತಕ್ಷಣ "ಅವಳದ್ದು ಹೋಗಿದ್ದಲ್ಲ, ಅವಳೇ ಬಿಟ್ಟಿದ್ದು" ಅಂದ್ರು. ಮಕ್ಕಳ ಸ್ಕೂಲ್ ಮುಚ್ಚಿತ್ತು, ಫ್ಯಾಕ್ಟ್ರಿ ಬಸ್ ನಿಂತಿತ್ತು, ಅತ್ತೆಗೆ ಹುಷಾರಿರ್ಲಿಲ್ಲ, ಬಿಡದೆ ಆ ಅಕ್ಕ ಏನ್ ಮಾಡ್ಬೇಕಿತ್ತು? ಆ ಮನೇನ ನಾನು ಕೆಲ್ಸ ಹೋಗದೇ ಇರೋ ಮನೆ ಅಂತ ಬರ್ಕೊಂಡಿದ್ದೆ.

ತಪ್ಪು ಎರಡು ಕಡೆ ಆಗಿತ್ತು. ಕೇಳಿದ ಪ್ರಶ್ನೆ ತಪ್ಪು, ಕೇಳಿದ ಆಳೂ ತಪ್ಪು. ಆ ಬುಕ್ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದ್ವಿ, ಕೆಳಗೆ ಬರ್ದಿರೋದು ಆ ಎರಡನೇ ಸಲದ ದಾರಿ. ಸ್ತ್ರೀಶಕ್ತಿ ಸಂಘದೋರು, ಯೂನಿಯನ್‌ನೋರು, ಕಾಲೇಜಲ್ಲಿ ಪ್ರಾಜೆಕ್ಟ್ ಮಾಡೋ ಹುಡುಗ್ರು, ಪಂಚಾಯ್ತಿ ಮೆಂಬರ್‌ಗಳು ಯಾರು ಬೇಕಾದ್ರೂ ಮಾಡ್ಬಹುದು. ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ಅಂತ ಕೇಳೋರು ಸಿಗ್ತಾರೆ. ಅವತ್ತು ಬಿಟ್ಟ ಕೆಲ್ಸಕ್ಕೆ ಇವತ್ತಿಗೂ ವಾಪಸ್ ಹೋಗದೋರು ನಿಮ್ಮ ಬೀದೀಲೇ ಇದಾರೆ, ಅದಕ್ಕೆ. ಮತ್ತೆ ಇಂಥದ್ದೇ ಒಂದು ಕಾಯಿಲೆ ಬಂದ್ರೆ, ಬರೋಕ್ಕೆ ಮುಂಚೆ ಯಾರು ಏನು ಮಾಡ್ತಿದ್ರು ಅನ್ನೋ ಪಟ್ಟಿ ಕೈಲಿದ್ರೆ ಮಾತ್ರ ಬಂದ ಮೇಲೆ ಏನಾಯ್ತು ಅಂತ ಹೇಳಕ್ಕಾಗೋದು.

ಹೊರಡೋಕ್ಕೆ ಮುಂಚೆ ದೊಡ್ಡ ಚಿತ್ರ

ದೇಶದಲ್ಲಿ ಏನಾಯ್ತು ಅಂತ ಸ್ವಲ್ಪ ಗೊತ್ತಿದ್ರೆ ನಿಮ್ಮ ಶೀಟಲ್ಲಿ ಯಾವ ಕಾಲಂ ಇರ್ಬೇಕು ಅಂತ ತಾನಾಗೇ ಗೊತ್ತಾಗತ್ತೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯ್ತು, 25ರಿಂದ ಜಾರಿ. ಸಿಎಂಐಇ ಅನ್ನೋ ಸಂಸ್ಥೆ ಮನೆಮನೆ ಸರ್ವೇ ನಡೆಸತ್ತೆ, ಅವ್ರ ಲೆಕ್ಕದಲ್ಲಿ 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ಸುಮಾರು 12.2 ಕೋಟಿ ಜನ ಕೆಲ್ಸ ಕಳ್ಕೊಂಡ್ರು, ಅದ್ರಲ್ಲಿ 9 ಕೋಟಿಗೂ ಜಾಸ್ತಿ ಜನ ಸಣ್ಣ ವ್ಯಾಪಾರದೋರು ಮತ್ತೆ ಕೂಲಿ ಮಾಡೋರು. ತಿಂಗಳ ಸಂಬಳದೋರು ಸುಮಾರು 1.77 ಕೋಟಿ. ಅಂದ್ರೆ ಮೊದಲ ಏಟು ಬಿದ್ದಿದ್ದು ಅವತ್ತು ದುಡಿದು ಅವತ್ತು ತಿನ್ನೋರಿಗೆ. ಹಂಗಾಗಿ ನಿಮ್ಮ ಮೊದಲ ಕಾಲಂ ಕೆಲ್ಸದ ಬಗೆ.

ಆದ್ರೆ ಮೊದಲ ಏಟು ಒಂದು, ಎದ್ದು ನಿಲ್ಲೋದು ಇನ್ನೊಂದು. ಇದನ್ನ ಚೆನ್ನಾಗಿ ತೋರಿಸಿದ್ದು ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯೋರು 2021ರಲ್ಲಿ ತಂದ ವರದಿ. ಲಾಕ್‌ಡೌನ್‌ಗೆ ಮುಂಚೆ ಕೆಲ್ಸದಲ್ಲಿದ್ದ ಗಂಡಸ್ರಲ್ಲಿ 100ಕ್ಕೆ 61 ಜನ ಕೆಲ್ಸ ಉಳಿಸ್ಕೊಂಡ್ರು, ಕೆಲ್ಸ ಹೋಗಿ 2020ರ ಕೊನೇವರೆಗೂ ವಾಪಸ್ ಸಿಗದೋರು 7 ಜನ. ಹೆಂಗಸ್ರಲ್ಲಿ ಉಳಿಸ್ಕೊಂಡೋರು 19 ಜನ, ವಾಪಸ್ ಹೋಗಕ್ಕಾಗದೋರು 47 ಜನ. ಏಳಕ್ಕೂ ನಲವತ್ತೇಳಕ್ಕೂ ಎಷ್ಟು ವ್ಯತ್ಯಾಸ ನೋಡಿ, ನನಗೆ ಇದನ್ನ ಓದಿದಾಗ ಆ ನೀರು ತಂದ್ಕೊಟ್ಟ ಅಕ್ಕನ ಮುಖಾನೇ ಕಣ್ಮುಂದೆ ಬಂತು. ಅದೇ ವರದೀಲಿ ವಯಸ್ಸಿನ ಲೆಕ್ಕಾನೂ ಇದೆ, 15ರಿಂದ 24 ವಯಸ್ಸಿನ ಕೆಲ್ಸಗಾರರಲ್ಲಿ 100ಕ್ಕೆ 33 ಜನಕ್ಕೆ ಡಿಸೆಂಬರ್ ಬಂದ್ರೂ ಕೆಲ್ಸ ವಾಪಸ್ ಸಿಕ್ಕಿರ್ಲಿಲ್ಲ, 25ರಿಂದ 44ರೋರಲ್ಲಿ ಅದು ಬರೀ 6. ಅಂದ್ಮೇಲೆ ಹೆಣ್ಣೋ ಗಂಡೋ, ವಯಸ್ಸೆಷ್ಟು, ಈ ಎರಡು ಕಾಲಂ ಇಲ್ದೆ ಬರೀ ಎಷ್ಟು ಜನ ಅಂತ ಎಣಿಸಿದ್ರೆ ಏನೂ ಗೊತ್ತಾಗಲ್ಲ.

ಜಾತಿ ಕಾಲಂ ಬೇಕಾ ಅಂತ ನಮ್ಮ ಗುಂಪಲ್ಲೇ ವಾದ ಆಯ್ತು. ಬೇಕು. ಅರ್ಥಶಾಸ್ತ್ರಜ್ಞರಾದ ಅಶ್ವಿನಿ ದೇಶಪಾಂಡೆ ಮತ್ತೆ ರಾಜೇಶ್ ರಾಮಚಂದ್ರನ್ ಸಿಎಂಐಇ ಡೇಟಾದಲ್ಲೇ ಈ ಲೆಕ್ಕ ಹಾಕಿದ್ರು, ಲಾಕ್‌ಡೌನ್‌ನ ಮೊದಲ ತಿಂಗಳಲ್ಲಿ ಮೇಲ್ಜಾತಿಯೋರಲ್ಲಿ ಕೆಲ್ಸದಲ್ಲಿರೋರ ಪ್ರಮಾಣ 100ಕ್ಕೆ 39ರಿಂದ 32ಕ್ಕೆ ಇಳೀತು, ಪರಿಶಿಷ್ಟ ಜಾತಿಯೋರಲ್ಲಿ 44ರಿಂದ 24ಕ್ಕೆ. ಕಾಯಿಲೆಗೆ ಜಾತಿ ಇಲ್ಲ ಅಂತ ಎಲ್ಲರೂ ಹೇಳ್ತಿದ್ರಲ್ಲ, ಕೆಲ್ಸಕ್ಕೆ ಇತ್ತು. ದಿನಗೂಲೀಲಿ ಯಾರು ಜಾಸ್ತಿ ಇದಾರೆ, ಓದು ಯಾರಿಗೆ ಕಮ್ಮಿ ಸಿಕ್ಕಿದೆ, ಮನೇಲಿ ಕೂತು ಕಂಪ್ಯೂಟರಲ್ಲಿ ಮಾಡೋ ಕೆಲ್ಸ ಯಾರ ಹತ್ರ ಇದೆ ಅಂತ ಯೋಚ್ನೆ ಮಾಡಿದ್ರೆ ಕಾರಣ ಅಲ್ಲೇ ಇದೆ.

ಈ ಒಂದು ಉದಾಹರಣೇಲೇ ಲೆಕ್ಕದ ಒಂದು ಪಾಠಾನೂ ಕಲ್ತುಬಿಡಿ. 44ರಿಂದ 24 ಅಂದ್ರೆ 20 ಅಂಶ ಕಮ್ಮಿ, ಆದ್ರೆ ಮುಂಚೆ ಇದ್ದ 44ರಲ್ಲಿ 20 ಹೋಯ್ತು ಅಂದ್ರೆ ಕೆಲ್ಸದಲ್ಲಿದ್ದೋರಲ್ಲಿ ಹತ್ತಿರ ಹತ್ತಿರ 45 ಪರ್ಸೆಂಟ್ ಹೋದಂಗೆ. 39ರಿಂದ 32 ಅಂದ್ರೆ 7 ಅಂಶ, ಅಂದ್ರೆ ಸುಮಾರು 18 ಪರ್ಸೆಂಟ್. ಎರಡೂ ಸರಿಯಾದ ಲೆಕ್ಕಾನೇ, ಆದ್ರೆ ಯಾವುದನ್ನ ಹೇಳ್ತಿದೀರಿ ಅಂತ ಬರೀರಿ. ಹೆಣ್ಮಕ್ಕಳ ವಿಷಯದಲ್ಲಂತೂ ಇದು ತುಂಬಾ ಮುಖ್ಯ, ಮುಂಚೆನೇ ಕೆಲ್ಸದಲ್ಲಿದ್ದೋರು ಕಮ್ಮಿ ಇರೋದ್ರಿಂದ ತಲೆ ಎಣಿಸಿದ್ರೆ ಗಂಡಸ್ರದ್ದೇ ಜಾಸ್ತಿ ಕೆಲ್ಸ ಹೋದಂಗೆ ಕಾಣತ್ತೆ. ಮುಂಚೆ ಕೆಲ್ಸದಲ್ಲಿದ್ದೋರಲ್ಲಿ ಎಷ್ಟು ಜನಕ್ಕೆ ಹೋಯ್ತು ಅಂತ ಭಾಗಿಸಿ ನೋಡಿ, ಚಿತ್ರ ತಿರುಗಾ ಮುರುಗಾ ಆಗತ್ತೆ.

ಎಷ್ಟು ಮನೆ, ಯಾರನ್ನ ಕರ್ಕೊಂಡು ಹೋಗ್ಬೇಕು

ಒಂದು ಬೀದಿ ಇಲ್ಲ ಒಂದು ಹಟ್ಟಿ ಪೂರ್ತಿ ಮಾಡಿ, 80ರಿಂದ 100 ಮನೆ ಆದ್ರೆ ಸಾಕು. ನಿಮಗೆ ಪರಿಚಯ ಇರೋ ಮನೆಗಳನ್ನ ಮಾತ್ರ ಆರಿಸ್ಕೋಬೇಡಿ. ಬೀದಿ ದೊಡ್ಡದಿದ್ರೆ ಮೂರು ಮನೆಗೊಂದು ಅಂತ ಮೊದ್ಲೇ ತೀರ್ಮಾನ ಮಾಡಿ, ಆ ಮನೆಯೋರು ಸಿಡುಕರಾಗ್ಲಿ ಸಂಭಾವಿತರಾಗ್ಲಿ ಹೋಗ್ಲೇಬೇಕು. ಇಬ್ಬಿಬ್ರು ಹೋಗಿ, ಒಬ್ರು ಹೆಣ್ಮಗಳು ಇರ್ಲೇಬೇಕು. ಭಾನುವಾರ ಬೆಳಗ್ಗೆ ಹನ್ನೊಂದರ ಮೇಲೆ ಒಳ್ಳೇದು, ಗಾರ್ಮೆಂಟ್ಸ್ ಹೆಣ್ಮಕ್ಕಳು ಬಟ್ಟೆ ಒಗ್ದು ಮುಗ್ಸಿರ್ತಾರೆ. ಫೋನಲ್ಲಿ ಮಾಡೋಣ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, ಎಷ್ಟೋ ಮನೇಲಿ ಇರೋ ಒಂದು ಫೋನ್ ಗಂಡನ ಜೇಬಲ್ಲಿರತ್ತೆ, ಆಮೇಲೆ ಮತ್ತೆ ನನ್ನ ಮೊದಲ ತಪ್ಪಿಗೇ ವಾಪಸ್ ಬರ್ತೀರಿ.

ಮನೆಗೊಂದು ಸಾಲಲ್ಲ, ಆಳಿಗೊಂದು ಸಾಲು. 15 ವರ್ಷ ದಾಟಿದ ಪ್ರತಿಯೊಬ್ಬರಿಗೂ. ಹೆಸ್ರು ಬರೀಬೇಡಿ, 14ನೇ ಮನೆ 3ನೇ ಆಳು ಅಂತ ನಂಬರ್ ಕೊಡಿ. ಆಧಾರ್ ನಂಬರ್, ಫೋನ್ ನಂಬರ್ ಏನೂ ಬೇಡ, ಕೇಳಿದ್ರೆ ಜನ ಯಾವ್ದೋ ಸ್ಕೀಮ್ ಬಂದಿದೆ ಅನ್ಕೋತಾರೆ, ಉತ್ತರ ಎಲ್ಲ ಬದಲಾಗ್ಬಿಡತ್ತೆ. ದುಡ್ಡು ಕೊಡ್ಸಕ್ಕೆ ಬಂದಿಲ್ಲ, ಲೆಕ್ಕ ಬರ್ಕೊಳಕ್ಕೆ ಬಂದಿದೀವಿ ಅಂತ ಬಾಗ್ಲಲ್ಲೇ ಹೇಳ್ಬಿಡಿ.

ತಾರೀಖು ಕೇಳ್ಬೇಡಿ, ಹಬ್ಬ ಕೇಳಿ

"2020ರ ಫೆಬ್ರವರೀಲಿ ಏನ್ ಮಾಡ್ತಿದ್ರಿ" ಅಂದ್ರೆ ಯಾರಿಗೂ ನೆನಪಿರಲ್ಲ. "ಲಾಕ್‌ಡೌನ್‌ಗೆ ಮುಂಚಿನ ಶಿವರಾತ್ರಿ" ಅನ್ನಿ, ನೆನಪಾಗತ್ತೆ. ಆ ವರ್ಷ ಯುಗಾದಿ ಬಂದಿದ್ದೇ ಮಾರ್ಚ್ 25ಕ್ಕೆ, ಲಾಕ್‌ಡೌನ್‌ನ ಮೊದಲನೇ ದಿನ, ಹೋಳಿಗೆಗೆ ಬೇಳೆ ತರಕ್ಕೂ ಭಯ ಪಟ್ಟಿದ್ದು ಯಾರಿಗೂ ಮರ್ತಿಲ್ಲ. ನಾವು ಐದು ಗುರುತು ಇಟ್ಕೊಂಡ್ವಿ: ಲಾಕ್‌ಡೌನ್‌ಗೆ ಮುಂಚಿನ ಶಿವರಾತ್ರಿ, ಆ ಯುಗಾದಿ ಆಗಿ ಒಂದು ತಿಂಗ್ಳು, 2020ರ ದೀಪಾವಳಿ, ಎರಡನೇ ಅಲೆ ಬಂದ 2021ರ ಮೇ, ಮತ್ತೆ ಇವತ್ತು. ಪ್ರತಿ ಗುರುತಿಗೂ ಅದೇ ಪ್ರಶ್ನೆ, ಅದೇ ಮಾತಲ್ಲಿ. ಒಂದು ಮನೇಲಿ ಒಂಥರ ಇನ್ನೊಂದು ಮನೇಲಿ ಇನ್ನೊಂಥರ ಕೇಳಿದ್ರೆ ಉತ್ತರ ಜೋಡ್ಸಕ್ಕಾಗಲ್ಲ.

ಎರಡನೇ ಅಲೇನ ಬಿಡ್ಬೇಡಿ. 2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಕರ್ಫ್ಯೂ ಬಂದಾಗ ಕಟ್ಟಡ ಕೆಲ್ಸಕ್ಕೆ, ಬೇರೆ ಕಾರ್ಖಾನೆಗಳಿಗೆ ಅವಕಾಶ ಇತ್ತು, ಗಾರ್ಮೆಂಟ್ಸ್‌ಗೆ ಮಾತ್ರ ಇರ್ಲಿಲ್ಲ. ಒಂದು ಹಾಲಲ್ಲಿ ನೂರಾರು ಜನ ಕೂರ್ತಾರೆ, ಸೋಂಕು ಹರಡತ್ತೆ ಅನ್ನೋದು ನಿಜಾನೇ, ಆದ್ರೆ ಆ ಹಾಲಲ್ಲಿ ಕೂರೋರು ಹೆಚ್ಚುಕಮ್ಮಿ ಎಲ್ಲಾ ಹೆಣ್ಮಕ್ಕಳು. ಒಂದು ಆದೇಶದಲ್ಲಿ ಹೆಣ್ಣು ಗಂಡು ಅನ್ನೋ ಪದಾನೇ ಇಲ್ದಿದ್ರೂ ಅದ್ರ ಏಟು ಒಂದು ಕಡೆಗೇ ಬೀಳತ್ತೆ. ನಿಮ್ಮ ಶೀಟಲ್ಲಿ 2021ರ ಮೇ ಕಾಲಂ ಇದ್ರೆ ಗಂಡ ಗಾರೆ ಕೆಲ್ಸಕ್ಕೆ ಹೋಗ್ತಿದ್ದ, ಹೆಂಡ್ತಿ ಮನೇಲಿದ್ಲು ಅನ್ನೋ ಸಾಲುಗಳು ಒಂದರ ಕೆಳಗೊಂದು ಬರ್ತಾ ಹೋಗತ್ತೆ.

ಏನು ಕೇಳ್ಬೇಕು

"ಕೆಲ್ಸ ಹೋಯ್ತಾ" ಅಂತ ಕೇಳ್ಲೇಬೇಡಿ. ಆ ಗುರುತಿನ ಹೊತ್ತಿಗೆ "ಬೆಳಗ್ಗೆ ಎದ್ದು ಏನ್ ಮಾಡ್ತಿದ್ರಿ" ಅಂತ ಶುರು ಮಾಡಿ, ಅವ್ರೇ ಹೇಳ್ಕೊಂಡು ಹೋಗ್ತಾರೆ, ನೀವು ಕೇಳಿಸ್ಕೊಂಡು ಒಂದು ನಂಬರ್ ಹಾಕಿ. ಪಿಎಫ್ ಇರೋ ಸಂಬಳದ ಕೆಲ್ಸ 1, ಪಿಎಫ್ ಇಲ್ದೆ ಇರೋ ಸಂಬಳದ ಕೆಲ್ಸ 2, ದಿನಗೂಲಿ 3, ಸ್ವಂತ ವ್ಯಾಪಾರ ಅಥವಾ ಆಟೋ ಥರದ್ದು 4, ಮನೆಯೋರ ಜಮೀನು ಅಂಗಡೀಲಿ ದುಡ್ಡಿಲ್ದೆ ದುಡಿಯೋದು 5, ಕೆಲ್ಸ ಇದೆ ಅಂತ ಹೆಸ್ರಿಗೆ ಆದ್ರೆ ಕರೆದಿಲ್ಲ ಸಂಬಳಾನೂ ಇಲ್ಲ ಅನ್ನೋದು 6, ಕೆಲ್ಸ ಹುಡುಕ್ತಿದ್ದೋರು 7, ಹುಡುಕ್ತಾನೂ ಇಲ್ದೋರು 8. ಇಷ್ಟಕ್ಕೂ ಬೇರೆ ಬೇರೆ ನಂಬರ್ ಯಾಕೆ ಅಂತ ಮುಂದೆ ಸರ್ಕಾರಿ ಅಂಕಿಅಂಶದ ಜೊತೆ ಹೋಲ್ಸುವಾಗ ಗೊತ್ತಾಗತ್ತೆ.

8 ಅಂದೋರಿಗೆ ಇನ್ನೊಂದು ಪ್ರಶ್ನೆ: "ಕರೆದಿದ್ರೆ ಹೋಗ್ತಿದ್ರಾ?" ಹೂಂ ಅಂದ್ರೆ "ಯಾಕೆ ಹೋಗಕ್ಕಾಗಿಲ್ಲ?" ಮಕ್ಕಳು, ವಯಸ್ಸಾದೋರ ಆರೈಕೆ, ಬಸ್ ಇಲ್ಲ, ಬೇಡ ಅಂದ್ರು, ಸಂಬಳ ಕಮ್ಮಿ ಮಾಡಿದ್ರು, ಹೀಗೆ ಅವ್ರ ಮಾತಲ್ಲೇ ಬರ್ಕೊಳ್ಳಿ. ಕೊರೊನಾಕ್ಕೆ ಮುಂಚೇನೇ, 2019ರಲ್ಲಿ, ಕೇಂದ್ರ ಸರ್ಕಾರ ಜನ ದಿನದ ಟೈಮ್ ಹೇಗೆ ಕಳೀತಾರೆ ಅಂತ ಒಂದು ಸರ್ವೇ ಮಾಡಿತ್ತು, ಮನೆಗೆಲ್ಸ ಮಾಡೋ ಹೆಂಗಸ್ರು ದಿನಕ್ಕೆ 299 ನಿಮಿಷ ಸಂಬಳ ಇಲ್ದೆ ಅದಕ್ಕೇ ಕೊಡ್ತಿದ್ರು, ಮನೆಗೆಲ್ಸಕ್ಕೆ ಕೈ ಹಾಕೋ ಗಂಡಸ್ರು 97 ನಿಮಿಷ. ಐದು ಗಂಟೆ ಕೆಲ್ಸ ಮೊದ್ಲೇ ಇದ್ದೋರ ಮನೇಲಿ ಮಕ್ಕಳು ದಿನವಿಡೀ ಉಳಿದ್ರೆ, ಮೊಬೈಲಲ್ಲಿ ಆನ್‌ಲೈನ್ ಕ್ಲಾಸ್ ಹಾಕಿಕೊಡೋರೂ ಅವರೇ ಆದ್ರೆ, ಫ್ಯಾಕ್ಟ್ರಿ ಗೇಟ್ ತೆಗೆದ್ರೂ ಹೋಗೋದು ಹೇಗೆ.

ಹುಡುಗ್ರ ಹತ್ರ ಬೇರೆ ಪ್ರಶ್ನೆ ಬೇಕು. 2020ರಲ್ಲಿ ಐಟಿಐ, ಡಿಪ್ಲೊಮಾ, ಡಿಗ್ರಿ ಮುಗ್ಸಿದೋರಿಗೆ ಹೋಗಕ್ಕೆ ಕೆಲ್ಸಾನೇ ಇರ್ಲಿಲ್ಲ, ಹಂಗಾಗಿ ಹೋದ ಕೆಲ್ಸದ ಪಟ್ಟೀಲಿ ಅವ್ರು ಬರಲ್ಲ. "ಓದು ಯಾವಾಗ ಮುಗೀತು, ಮೊದಲ ಕೆಲ್ಸ ಯಾವಾಗ ಸಿಕ್ತು, ಓದಿದ್ದಕ್ಕೂ ಅದಕ್ಕೂ ಸಂಬಂಧ ಇತ್ತಾ" ಅಂತ ಕೇಳಿ. ನಮ್ಮ ಬೀದೀಲಿ ಫಿಟ್ಟರ್ ಟ್ರೇಡ್ ಮಾಡಿದ ಹುಡುಗ ಡೆಲಿವರಿ ಬ್ಯಾಗ್ ಹಾಕ್ಕೊಂಡ, ಇವತ್ತಿಗೂ ಅದೇ ಬ್ಯಾಗ್. ಅವನ ಅಮ್ಮ "ಏನೋ ಒಂದು ಮಾಡ್ತಾವ್ನೆ ಬಿಡಪ್ಪ" ಅಂದಾಗ ನನಗೆ ಬರ್ಕೊಳಕ್ಕೆ ಒಂದು ನಿಮಿಷ ಬೇಕಾಯ್ತು.

ಓದು ಎಲ್ಲೀವರೆಗೆ, ಹುಟ್ಟೂರು ಯಾವ್ದು, ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು, ಅಂಗವೈಕಲ್ಯ ಏನಾದ್ರೂ ಇದ್ಯಾ, ಇದೆಲ್ಲ ಕೇಳಿ. ಜಾತಿ ವರ್ಗ ಎಲ್ಲಕ್ಕಿಂತ ಕೊನೇಲಿ, ಎಸ್‌ಸಿ, ಎಸ್‌ಟಿ, ಒಬಿಸಿ, ಇತರೆ ಅಷ್ಟೇ, ಧರ್ಮಾನೂ ಹಂಗೇ. ಹೇಳಲ್ಲ ಅಂದ್ರೆ ಒತ್ತಾಯ ಮಾಡ್ಬೇಡಿ, ಹೆಸ್ರು ನೋಡಿ ಊಹೆ ಮಾಡಿ ತುಂಬೋದಂತೂ ಬೇಡ್ವೇ ಬೇಡ, ಖಾಲಿ ಬಿಡಿ.

ದುಡ್ಡಿನ ಲೆಕ್ಕ

ಇಲ್ಲೇ ಎಲ್ಲರೂ ಎಡವೋದು. ಕೂಲಿ ಎಷ್ಟು ಅಂತ ಕೇಳಿದ್ರೆ ಜನ ದಿನದ ರೇಟ್ ಹೇಳ್ತಾರೆ. ಉದಾಹರಣೆಗೆ ಒಬ್ಬ ಗಾರೆ ಕೆಲ್ಸದೋನು ಶಿವರಾತ್ರಿ ಹೊತ್ತಿಗೆ ದಿನಕ್ಕೆ 600, ದೀಪಾವಳಿ ಹೊತ್ತಿಗೂ 600 ಅಂದ ಅಂತ ಇಟ್ಕೊಳ್ಳಿ. ಏನೂ ಆಗಿಲ್ಲ ಅನ್ಸತ್ತೆ. ತಿಂಗ್ಳಿಗೆ ಎಷ್ಟು ದಿನ ಅಂತ ಕೇಳಿ, ಮುಂಚೆ 24, ಆಮೇಲೆ 13. ಅಂದ್ರೆ 14,400 ಹೋಗಿ 7,800 ಆಯ್ತು, ರೇಟ್ ಒಂದು ರೂಪಾಯೀನೂ ಕಮ್ಮಿ ಆಗದೇನೇ ಕೈಗೆ ಬರೋದು ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಹಂಗಾಗಿ ಯಾವಾಗ್ಲೂ ಮೂರು ಕೇಳಿ: ರೇಟ್ ಎಷ್ಟು, ಎಷ್ಟು ದಿನ, ಕೈಗೆ ಬಂದಿದ್ದೆಷ್ಟು.

ಸಂಬಳದೋರಿಗೆ ಓಟಿ ನಿಂತಿತ್ತಾ, ಬೋನಸ್ ಬಂತಾ, ಪಿಎಫ್ ಕಟ್ತಿದ್ರಾ ಅಂತಾನೂ ಕೇಳಿ. ಹಳೇ ಸಂಬಳದ ಸ್ಲಿಪ್ ಇದ್ರೆ ಡಿಎ, ಅಂದ್ರೆ ತುಟ್ಟಿಭತ್ಯೆ ಸಾಲು ನೋಡಿ. 2020ರ ಜುಲೈಲಿ ರಾಜ್ಯ ಸರ್ಕಾರ ಆ ವರ್ಷದ ತುಟ್ಟಿಭತ್ಯೆ ಏರಿಕೇನ ಮುಂದೂಡಿ ಆದೇಶ ಮಾಡಿತ್ತು, ಯೂನಿಯನ್‌ನೋರು ಕೋರ್ಟ್‌ಗೆ ಹೋಗಿ ಹೈಕೋರ್ಟ್ ಅದಕ್ಕೆ ತಡೆ ಕೊಡ್ತು. ತಿಂಗ್ಳಿಗೆ 400 ರೂಪಾಯಿ ಚಿಲ್ಲರೆ ವಿಷಯ ಅದು, ದೊಡ್ಡ ಸಂಬಳದೋರಿಗೆ ಏನೂ ಅಲ್ಲ, ಗಾರ್ಮೆಂಟ್ಸ್ ಟೈಲರ್ ಮನೇಲಿ ಅದು ಒಂದು ವಾರದ ತರಕಾರಿ ಹಾಲು. ಪೀಸ್ ರೇಟಲ್ಲಿ ಮನೇಲೇ ಕೂತು ಅಗರಬತ್ತಿ ಹೊಸೆಯೋರು, ಬೀಡಿ ಕಟ್ಟೋರು ಇದ್ರೆ ಸಾವಿರಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಾವಿರ ಅಂತ ಎರಡೂ ಕೇಳಿ, ಕಚ್ಚಾ ಮಾಲು ಕೊಡೋರು ಬರೋದೇ ನಿಂತುಹೋಗಿದ್ರೆ ಅದನ್ನೂ ಬರ್ಕೊಳ್ಳಿ.

ಸಂಬಳ ಅಷ್ಟೇ ಇದ್ರೂ ಬೆಲೆ ಏರಿರತ್ತೆ. 2020-21ರಲ್ಲಿ ದೇಶದಲ್ಲಿ ಬೆಲೆ ಏರಿಕೆ ಸರಾಸರಿ 6.2 ಪರ್ಸೆಂಟ್ ಇತ್ತು, ಅಂದ್ರೆ 10,000 ಸಂಬಳ 10,000 ಆಗೇ ಉಳಿದೋರಿಗೆ ಹಳೇ ಬೆಲೇಲಿ ಅದು 9,400 ಚಿಲ್ಲರೆ ಅಷ್ಟೇ. ಬರೋ ದುಡ್ಡನ್ನ 1.062ರಿಂದ ಭಾಗಿಸಿದ್ರೆ ಆಯ್ತು.

ಸಾಲಾನ ಮರೀಬೇಡಿ. "ಆ ಟೈಮಲ್ಲಿ ಮನೆ ಹೆಂಗೆ ನಡೆಸಿದ್ರಿ" ಅಂತ ಒಂದು ಪ್ರಶ್ನೆ ಸಾಕು. ಓಲೆ ಗಿರವಿ ಇಟ್ಟಿದ್ದು, ಸಂಘದ ಲೋನು, ಚೀಟಿ ಅರ್ಧಕ್ಕೆ ಎತ್ತಿದ್ದು, ಪಿಎಫ್‌ನಿಂದ ಕೋವಿಡ್ ಅಡ್ವಾನ್ಸ್ ತೆಗ್ದಿದ್ದು, ಎಲ್ಲಾ ಹೊರಗೆ ಬರತ್ತೆ. ಸಂಬಳ ಇವತ್ತು ಮುಂಚಿನಷ್ಟೇ ಆಗಿದ್ರೂ ಬಡ್ಡಿ ಕಟ್ಟಿ ಉಳಿಯೋದು ಎಷ್ಟು ಅಂತ ಗೊತ್ತಾಗೋದು ಇದ್ರಿಂದಾನೇ.

ಸರಾಸರಿ ಹೆಂಗೆ ದಾರಿ ತಪ್ಪಿಸತ್ತೆ

ಈಗ ಎಲ್ಲಾ ಗೂಗಲ್ ಶೀಟ್‌ಗೆ ಹಾಕಿ. ಹಾಕಿದ ತಕ್ಷಣ ಸರಾಸರಿ ಸಂಬಳ ತೆಗೆಯೋ ಆಸೆ ಆಗತ್ತೆ, ತಡ್ಕೊಳ್ಳಿ. ಐದು ಜನ ಇದಾರೆ ಅಂತ ಇಟ್ಕೊಳ್ಳಿ, ಸಂಬಳ 8,000, 8,000, 9,000, 25,000, 30,000. ಸರಾಸರಿ 16,000. ಲಾಕ್‌ಡೌನಲ್ಲಿ 8,000ದ ಇಬ್ಬರಿಗೂ ಕೆಲ್ಸ ಹೋಯ್ತು. ಉಳಿದ ಮೂರು ಜನದ ಸರಾಸರಿ ಈಗ 21,333. ಯಾರಿಗೂ ಒಂದು ರೂಪಾಯಿ ಜಾಸ್ತಿ ಆಗಿಲ್ಲ, ಇಬ್ಬರ ಮನೇಲಿ ಒಲೆ ಉರೀತಿಲ್ಲ, ಆದ್ರೆ ಸರಾಸರಿ ಸಂಬಳ ಮೂರನೇ ಒಂದು ಭಾಗ ಏರ್ತು ಅಂತ ನಿಮ್ಮ ಶೀಟ್ ಹೇಳತ್ತೆ. ಇದು ಬರೀ ಪುಸ್ತಕದ ಮಾತಲ್ಲ. ಅಮೆರಿಕಾದಲ್ಲಿ 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ 14.7 ಪರ್ಸೆಂಟ್‌ಗೆ ಹೋದ ತಿಂಗಳೇ ಗಂಟೆಯ ಸರಾಸರಿ ಸಂಬಳ 1 ಡಾಲರ್ 34 ಸೆಂಟ್ ಏರಿ 30 ಡಾಲರ್ ಮುಟ್ಟಿತ್ತು, ಯಾಕಂದ್ರೆ ಹೋಟ್ಲಲ್ಲಿ, ಅಂಗಡೀಲಿ ಕಮ್ಮಿ ಸಂಬಳಕ್ಕಿದ್ದೋರೇ ಪಟ್ಟಿಯಿಂದ ಹೊರಗೆ ಬಿದ್ದಿದ್ರು.

ತಪ್ಪಿಸ್ಕೊಳೋ ದಾರಿ ಅಂದ್ರೆ ಅದೇ ಮನುಷ್ಯನ ಮುಂಚಿನ ದುಡ್ಡು ಆಮೇಲಿನ ದುಡ್ಡು ಪಕ್ಕ ಪಕ್ಕ ಇಟ್ಟು ಕಳೀರಿ, ಕೆಲ್ಸ ಹೋದೋರಿಗೆ ಸೊನ್ನೆ ಹಾಕಿ, ಪಟ್ಟಿಯಿಂದ ತೆಗೀಬೇಡಿ. ಆಮೇಲೆ ಸರಾಸರಿ ಬದ್ಲು ಎಲ್ಲರನ್ನೂ ದುಡ್ಡಿನ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಮಧ್ಯದಲ್ಲಿ ನಿಲ್ಲೋ ವ್ಯಕ್ತಿಗೆ ಎಷ್ಟು ಬರತ್ತೆ ಅಂತ ನೋಡಿ, ಶೀಟಲ್ಲಿ ಮೀಡಿಯನ್ ಅಂತ ಫಾರ್ಮುಲಾ ಇದೆ. ಐಟಿ ಕೆಲ್ಸದ ಒಂದು ಮನೆ ಬೀದೀಲಿದ್ರೂ ಇದು ಅಲ್ಲಾಡಲ್ಲ.

ಕೆಲ್ಸದ ಲೆಕ್ಕಕ್ಕೆ ಪ್ರತಿಯೊಬ್ಬರ ಐದು ನಂಬರನ್ನೂ ಓದಿ ನಾಲ್ಕು ಗುಂಪು ಮಾಡಿ: ಕೆಲ್ಸ ಹೋಗ್ಲೇ ಇಲ್ಲ, ಹೋಗಿ ಅದೇ ಥರದ ಕೆಲ್ಸ ವಾಪಸ್ ಬಂತು, ವಾಪಸ್ ಬಂತು ಆದ್ರೆ ಕೆಳಗಿನ ಕೆಲ್ಸ, ವಾಪಸ್ ಬರ್ಲೇ ಇಲ್ಲ. ಮೂರನೇ ಗುಂಪನ್ನ ಬೇರೆ ಇಡೋದು ತುಂಬಾ ಮುಖ್ಯ. ಅಜೀಂ ಪ್ರೇಮ್‌ಜಿ ವರದೀಲೇ ಇದೆ, 2019ರ ಕೊನೇಲಿ ಭದ್ರವಾದ ಸಂಬಳದ ಕೆಲ್ಸದಲ್ಲಿದ್ದೋರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಒಂದು ವರ್ಷದಲ್ಲಿ ಭದ್ರತೆ ಇಲ್ಲದ ಕೆಲ್ಸಕ್ಕೆ ಬಿದ್ರು, 30 ಪರ್ಸೆಂಟ್ ಸ್ವಂತ ಕೆಲ್ಸ, 10 ಪರ್ಸೆಂಟ್ ದಿನಗೂಲಿ, 9 ಪರ್ಸೆಂಟ್ ಪಿಎಫ್ ಗಿಎಫ್ ಇಲ್ಲದ ಸಂಬಳ. ಖಾಸಗಿ ಶಾಲೆ ಮೇಷ್ಟ್ರು ತರಕಾರಿ ಗಾಡಿ ತಳ್ಳಿದ್ದನ್ನ ನಾವೆಲ್ಲ ನೋಡಿದೀವಿ. ಬರೀ ಕೆಲ್ಸ ಇದ್ಯಾ ಇಲ್ವಾ ಅಂತ ಬರ್ಕೊಂಡ್ರೆ ಅವ್ರಿಗೆ ಏನೂ ಆಗಿಲ್ಲ ಅಂತಾಗತ್ತೆ.

ಆಮೇಲೆ ಶೀಟಲ್ಲೇ ಇರೋ ಪಿವಟ್ ಟೇಬಲ್ (ಗುಂಪು ಗುಂಪಾಗಿ ಎಣಿಸಿಕೊಡತ್ತೆ) ಹಾಕಿ ಹೆಣ್ಣು-ಗಂಡು, ವಯಸ್ಸು, ವರ್ಗ, ಕೆಲ್ಸದ ಬಗೆ ಒಂದೊಂದಾಗಿ ನೋಡಿ, ಕೊನೇಲಿ ಎರಡೆರಡು ಸೇರ್ಸಿ. ಒಂದು ಗುಂಪಲ್ಲಿ 20 ಜನಕ್ಕಿಂತ ಕಮ್ಮಿ ಇದ್ರೆ ಪರ್ಸೆಂಟ್ ಹೇಳ್ಬೇಡಿ, "9 ಜನದಲ್ಲಿ 5 ಜನ" ಅಂತ ಹೇಳಿ. 5 ಜನಾನ 56 ಪರ್ಸೆಂಟ್ ಮಾಡಿ ಊರೆಲ್ಲಾ ಹೇಳ್ಕೊಂಡು ಬರೋದು ಜನಕ್ಕೆ ಮಾಡೋ ಮೋಸ.

ಸರ್ಕಾರದ ನಂಬರ್ ಜೊತೆ ಹೋಲಿಸುವಾಗ

ನಿಮ್ಮ ಲೆಕ್ಕ ತೋರ್ಸಿದ ತಕ್ಷಣ ಯಾರಾದ್ರೂ "ಆ ವರ್ಷ ನಿರುದ್ಯೋಗ ಕಮ್ಮಿ ಆಗಿದೆ ಅಂತ ಸರ್ಕಾರದ ಸರ್ವೇನೇ ಹೇಳತ್ತಲ್ಲ" ಅಂತಾರೆ. ಅವ್ರು ಹೇಳೋದು ಸುಳ್ಳಲ್ಲ. ಪಿಎಲ್‌ಎಫ್‌ಎಸ್ ಅನ್ನೋ ಸರ್ಕಾರಿ ಸರ್ವೇಯ ವರ್ಷದ ವರದೀಲಿ ನಿರುದ್ಯೋಗ 2018-19ರಲ್ಲಿ 5.8 ಪರ್ಸೆಂಟ್, 2019-20ರಲ್ಲಿ 4.8, 2020-21ರಲ್ಲಿ 4.2. ಆದ್ರೆ ಅದೇ ಸರ್ವೇಯ ಪಟ್ಟಣಗಳ ತ್ರೈಮಾಸಿಕ ವರದೀಲಿ 2020ರ ಏಪ್ರಿಲ್-ಜೂನ್‌ಗೆ ಸುಮಾರು 21 ಪರ್ಸೆಂಟ್, ಹಿಂದಿನ ವರ್ಷ ಅದೇ ಮೂರು ತಿಂಗಳಿಗೆ 9ರ ಹತ್ರ ಇತ್ತು. ಒಂದೇ ಸರ್ವೇ, ಎರಡು ಥರದ ಉತ್ತರ. ಒಂದು ಹಳ್ಳಿ ಪಟ್ಟಣ ಎರಡನ್ನೂ ಸೇರ್ಸಿದ್ದು, ಇನ್ನೊಂದು ಬರೀ ಪಟ್ಟಣ, ಅದಕ್ಕಿಂತ ದೊಡ್ಡದು ಎಣಿಸೋ ರೀತಿ. ವರ್ಷದ ಲೆಕ್ಕದಲ್ಲಿ ಹಿಂದಿನ 365 ದಿನದಲ್ಲಿ ಹೆಚ್ಚು ಕಾಲ ಏನು ಮಾಡಿದ್ರಿ ಅಂತ ನೋಡ್ತಾರೆ, 30 ದಿನದಷ್ಟು ಕೆಲ್ಸ ಮಾಡಿದ್ರೂ ಕೆಲ್ಸದಲ್ಲಿದ್ದೋರು ಅಂತ ಸೇರಿಸ್ತಾರೆ. ತ್ರೈಮಾಸಿಕದಲ್ಲಿ ಹಿಂದಿನ 7 ದಿನ ಮಾತ್ರ. ಎರಡು ತಿಂಗಳ ಉಪವಾಸ ವರ್ಷದ ಲೆಕ್ಕದಲ್ಲಿ ಕಾಣಲ್ಲ.

ಇನ್ನೊಂದು ವಿಷಯ, ಕೆಲ್ಸ ಹುಡುಕ್ತಾ ಇರೋರು ಅಥವಾ ಸಿಕ್ಕಿದ್ರೆ ಮಾಡಕ್ಕೆ ರೆಡಿ ಇದೀನಿ ಅನ್ನೋರು ಮಾತ್ರ ಅವ್ರ ಪ್ರಕಾರ ನಿರುದ್ಯೋಗಿಗಳು. ಹುಡುಕೋದು ಬಿಟ್ಟು ಮನೇಲಿ ಉಳಿದೋರು ಲೆಕ್ಕದಿಂದಾನೇ ಹೊರಗೆ. ಕೆಲ್ಸ ಇದೆ ಆದ್ರೆ ಕರೆದಿಲ್ಲ ಅನ್ನೋರು ಕೆಲ್ಸದಲ್ಲಿರೋರ ಜೊತೆ. ನಿಮ್ಮ ಶೀಟಲ್ಲಿ 6, 7, 8 ಬೇರೆ ಬೇರೆ ಮಾಡಿದ್ದು ಇದಕ್ಕೇ, ಅವ್ರ ರೀತೀಲೂ ಎಣಿಸಿ ತೋರಿಸ್ಬಹುದು, ನಿಮ್ಮ ರೀತೀಲೂ ತೋರಿಸ್ಬಹುದು.

ಹೆಣ್ಮಕ್ಕಳ ನಂಬರಂತೂ ಇನ್ನೂ ಹುಷಾರಾಗಿ ಓದ್ಬೇಕು. ಅದೇ ಪಿಎಲ್‌ಎಫ್‌ಎಸ್‌ನಲ್ಲಿ 15 ದಾಟಿದ ಹೆಂಗಸ್ರಲ್ಲಿ ಕೆಲ್ಸ ಮಾಡೋರು ಮತ್ತೆ ಹುಡುಕೋರು ಸೇರಿ 2018-19ರಲ್ಲಿ 24.5 ಪರ್ಸೆಂಟ್ ಇದ್ದಿದ್ದು 2019-20ಕ್ಕೆ 30, 2020-21ಕ್ಕೆ 32.5 ಆಯ್ತು. ಖುಷಿ ಪಡೋ ಹಂಗೆ ಕಾಣತ್ತೆ. ಆದ್ರೆ ಅದೇ ಹೊತ್ತಲ್ಲಿ ದೇಶದ ಕೆಲ್ಸಗಾರರಲ್ಲಿ ಕೃಷೀಲಿರೋರ ಪಾಲು 42.5ರಿಂದ 45.6, ಆಮೇಲೆ 46.5ಕ್ಕೆ ಏರ್ತು. ಬೆಂಗಳೂರಿಂದ ಗಂಟುಮೂಟೆ ಕಟ್ಕೊಂಡು ಊರಿಗೆ ಹೋದೋರು ಹೊಲಕ್ಕಿಳಿದ್ರು, ಮನೆ ಆದಾಯ ಬಿದ್ದಾಗ ಹೆಂಗಸ್ರು ಕುರಿ ಮೇಯ್ಸಕ್ಕೆ, ಹಸು ನೋಡ್ಕೊಳಕ್ಕೆ, ಗಂಡನ ಅಂಗಡೀಲಿ ಕೂರಕ್ಕೆ ಹೋದ್ರು, ಅವ್ರ ಕೈಗೆ ಸಂಬಳ ಅಂತ ಏನೂ ಬರ್ಲಿಲ್ಲ. ನಿಮ್ಮ ಪಟ್ಟೀಲಿ 2 ಇದ್ದಿದ್ದು 5 ಆಗಿರೋ ಹೆಣ್ಮಕ್ಕಳು ಎಷ್ಟು ಅಂತ ಎಣಿಸಿ, ಈ ಏರಿಕೆ ಒಳಗೆ ಏನಿದೆ ಅಂತ ಗೊತ್ತಾಗತ್ತೆ.

ಹಳ್ಳೀಲಿ ಮಾಡೋರಿಗೆ ಇನ್ನೊಂದು ಒಳ್ಳೇ ದಾಖಲೆ ಇದೆ, ನರೇಗಾ ವೆಬ್‌ಸೈಟಲ್ಲಿ ನಿಮ್ಮ ಪಂಚಾಯ್ತೀದೇ ಲೆಕ್ಕ ಸಿಗತ್ತೆ. ಎಷ್ಟು ಮಾನವ ದಿನ (ಒಬ್ಬರು ಒಂದು ದಿನ ಕೆಲ್ಸ ಮಾಡಿದ್ರೆ ಒಂದು ಮಾನವ ದಿನ), ಅದ್ರಲ್ಲಿ ಹೆಂಗಸ್ರದ್ದೆಷ್ಟು, ಎಸ್‌ಸಿ ಎಸ್‌ಟಿ ಎಷ್ಟು ಅಂತ 2019-20, 2020-21 ಪಕ್ಕ ಪಕ್ಕ ಇಟ್ಟು ನೋಡಿ. ದೇಶದಲ್ಲಿ ಆ ವರ್ಷ ಸುಮಾರು 389 ಕೋಟಿ ಮಾನವ ದಿನ ಕೆಲ್ಸ ಆಯ್ತು, ಅಷ್ಟು ಮುಂಚೆ ಯಾವತ್ತೂ ಆಗಿರ್ಲಿಲ್ಲ. ಕರ್ನಾಟಕದಲ್ಲಿ ಕೂಲಿ 249ರಿಂದ 275 ಆಯ್ತು, ಹೆಣ್ಣಿಗೂ ಗಂಡಿಗೂ ಒಂದೇ. ಹೊಲದ ಕೂಲೀಲಿ ಇವತ್ತಿಗೂ ಹೆಣ್ಣಾಳಿಗೆ ಕಮ್ಮಿ ಕೊಡೋ ಊರಲ್ಲಿ ಇದು ಸಣ್ಣ ವಿಷಯ ಅಲ್ಲ.

ಲೆಕ್ಕ ಮುಗಿದ ಮೇಲೆ

ಎರಡು ಪೇಜಿಗೆ ಇಳಿಸಿ, ದಪ್ಪ ಅಕ್ಷರದಲ್ಲಿ. ಮೊದ್ಲು ಆ ಬೀದಿ ಜನಕ್ಕೇ ಓದಿ ಹೇಳಿ, ತಪ್ಪಿದ್ರೆ ಅವ್ರೇ ತಿದ್ತಾರೆ. ಆಮೇಲೆ ಗ್ರಾಮಸಭೆ ಅಥವಾ ವಾರ್ಡ್ ಕಮಿಟಿ, ಕಾರ್ಮಿಕ ಇಲಾಖೆ ಆಫೀಸು. ಬರೀ ಕಷ್ಟ ಹೇಳ್ಬೇಡಿ, ಪರಿಹಾರ ಯಾರಿಗೆ ತಲುಪ್ಲಿಲ್ಲ ಅಂತ ಹೇಳಿ. 2020ರ ಮೇನಲ್ಲಿ ರಾಜ್ಯ ಸರ್ಕಾರ 1,610 ಕೋಟಿ ಪ್ಯಾಕೇಜ್ ತಂದಾಗ ಆಟೋ ಟ್ಯಾಕ್ಸಿ ಡ್ರೈವರ್‌ಗಳಿಗೆ, ಮಡಿವಾಳ್ರಿಗೆ, ಕ್ಷೌರಿಕರಿಗೆ 5,000 ಅಂತ ಇತ್ತು, ಮನೆಗೆಲ್ಸದ ಹೆಂಗಸ್ರು ಅದ್ರಲ್ಲಿ ಇರ್ಲಿಲ್ಲ. 2021ರ ಮೇನ 1,250 ಕೋಟಿ ಪ್ಯಾಕೇಜಲ್ಲಿ ಅವ್ರ ಹೆಸ್ರು ಬಂತು, 2,000 ರೂಪಾಯಿ. ಅಪಾರ್ಟ್‌ಮೆಂಟ್ ಗೇಟಲ್ಲಿ ಒಳಗೆ ಬಿಡ್ದೆ ಮೊದ್ಲು ಕೆಲ್ಸ ಕಳ್ಕೊಂಡೋರಿಗೆ ಪಟ್ಟೀಲಿ ಜಾಗ ಸಿಗಕ್ಕೆ ಒಂದು ವರ್ಷ ಬೇಕಾಯ್ತು. ಕಟ್ಟಡ ಕಾರ್ಮಿಕರ ಕಾರ್ಡು, ಇ-ಶ್ರಮ್ ಕಾರ್ಡು, ಜಾಬ್ ಕಾರ್ಡು ಯಾರ ಹತ್ರ ಇದೆ ಯಾರ ಹತ್ರ ಇಲ್ಲ ಅಂತ ಒಂದು ಕಾಲಂ ಈಗ್ಲೇ ಸೇರ್ಸಿ, ಇಲ್ದೋರಿಗೆ ಮಾಡ್ಸಿಕೊಡಿ, ಮುಂದಿನ ಸಲ ಪಟ್ಟಿ ಮಾಡೋರು ಕಾರ್ಡ್ ನೋಡೇ ಮಾಡ್ತಾರೆ.

ಕೊನೇದಾಗಿ, ಬೀಗ ಹಾಕಿರೋ ಮನೆಗಳು. ನಾವು ಮೊದ್ಲು ಅವನ್ನ ಬಿಟ್ಟು ಮುಂದೆ ಹೋಗ್ತಿದ್ವಿ, ಆಮೇಲೆ ಅರ್ಥ ಆಯ್ತು, ಬಾಡಿಗೆ ಕಟ್ಟಕ್ಕಾಗದೆ ಊರಿಗೆ ಹೋಗಿ ವಾಪಸ್ ಬರದೇ ಇರೋರು ನಮ್ಮ ಶೀಟಲ್ಲಿ ಇಲ್ವೇ ಇಲ್ಲ, ಉಳ್ಕೊಂಡೋರನ್ನ ಮಾತ್ರ ಎಣಿಸ್ತಿದೀವಿ. ಹಂಗಾಗಿ ಪ್ರತಿ ವಠಾರದಲ್ಲೂ ಮನೆ ಓನರ್‌ನ, ಪಕ್ಕದೋರನ್ನ ಕೇಳಿ: ಆ ಶಿವರಾತ್ರೀಲಿ ಈ ಮನೇಲಿ ಯಾರಿದ್ರು, ಎಷ್ಟು ಜನ, ಏನು ಕೆಲ್ಸ, ಯಾವ ಕಡೆಯೋರು, ಯಾವಾಗ ಹೋದ್ರು. ರಾಯಚೂರು ಕಡೆಯೋರು, ಗಂಡ ಹೆಂಡ್ತಿ ಇಬ್ರೂ ಗಾರೆ ಕೆಲ್ಸ, ಎರಡು ಮಕ್ಕಳು, ಅಷ್ಟು ಗೊತ್ತಾದ್ರೂ ಸಾಕು, ಒಂದು ಸಾಲು ಹಾಕಿ, ದುಡ್ಡಿನ ಕಾಲಂ ಖಾಲಿ ಬಿಡಿ, ಪಕ್ಕದಲ್ಲಿ "ಊರಿಗೆ ಹೋದೋರು" ಅಂತ ಬರೀರಿ. ಅವ್ರ ಫೋನ್ ನಂಬರ್ ಪಕ್ಕದ ಮನೆಯೋರ ಹತ್ರ ಇದ್ರೆ, ಅವ್ರ ಕೈಲೇ ಫೋನ್ ಮಾಡ್ಸಿ, ಮಾತಾಡಕ್ಕೆ ಒಪ್ಪಿದ್ರೆ ಉಳಿದ ಪ್ರಶ್ನೆ ಕೇಳಿ.